ಚಾಳಿಯೋ ಕಾಯಿಲೆಯೋ: ಅಡ್ವೆಂಚರ್ ಬೈಕ್ ಕೊಳ್ಳುವ ಮುನ್ನ

ಮಾರಾಟಕ್ಕಿರುವ ಬೈಕ್ ನೋಡಲು ಹೋದಾಗ ನಾನು ಮೊದಲು ಮಾಡುವ ಕೆಲಸ ಎಂಜಿನ್ ಮೇಲೆ ಅಂಗೈ ಇಡುವುದು. ನಮಸ್ಕಾರ, ಕಾಫಿ ಎಲ್ಲ ಆಮೇಲೆ. ಎಂಜಿನ್ ಬೆಚ್ಚಗಿದ್ದರೆ ನಾನು ಬರುವ ಮೊದಲೇ ಅದನ್ನು ಯಾರೋ ಎಬ್ಬಿಸಿ ಮುಖ ತೊಳೆಸಿದ್ದಾರೆ ಎಂದರ್ಥ. ಮಾಲೀಕರು ನಿಜವಾಗಿಯೂ ಹಾಲು ತರಲು ಹೋಗಿದ್ದಿರಬಹುದು. ಆದರೂ "ಸರ್, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ ಹೊರಡುತ್ತೇನೆ. ಒಂದು ರಾತ್ರಿ ತಣ್ಣಗೆ ಮಲಗಿದ ಎಂಜಿನ್ ಎದ್ದ ಮೊದಲ ನಿಮಿಷದಲ್ಲಿ ಹೇಳುವಷ್ಟು ನಿಜವನ್ನು ದಿನದ ಬೇರೆ ಯಾವ ಹೊತ್ತಿನಲ್ಲೂ ಹೇಳುವುದಿಲ್ಲ.

ಈ ಗುಮಾನಿ ನನಗೆ ಬಂದದ್ದು ತಾತನಿಂದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನೋಡುವಾಗ ಅವರು ಹಲ್ಲು ಎಣಿಸಿ, ಸುಳಿ ಹುಡುಕಿ, ಗೊರಸು ತಟ್ಟಿ, ಕೊನೆಗೆ ಹೋರಿಯನ್ನು ಉಬ್ಬುತಗ್ಗಿನ ನೆಲದಲ್ಲಿ ನಡೆಸಿ ನೋಡುತ್ತಿದ್ದರು. ಟವೆಲ್ಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿಯುತ್ತಿದ್ದದ್ದು ಅದಾದ ಮೇಲೆಯೇ. ಹೊಸಬರನ್ನು ಕಂಡರೆ ಕೊಂಬು ಆಡಿಸುವುದು ಚಾಳಿ, ಮುಂಗಾಲು ಊರುವಾಗ ತಡವರಿಸುವುದು ಕಾಯಿಲೆ ಎನ್ನುತ್ತಿದ್ದರು. ಚಾಳಿಯ ಜೊತೆ ಬಾಳಬಹುದು, ಕಾಯಿಲೆಯನ್ನು ಮನೆಗೆ ತರಬಾರದು. ರಸ್ತೆಗೂ ಕಾಡುಮೇಡಿಗೂ ಆಗುವ ಅಡ್ವೆಂಚರ್ ಬೈಕ್ ಕೊಳ್ಳುವವರು ಎಡವುವುದು ಈ ಎರಡರ ನಡುವೆಯೇ. ಬೈಕಿನ ಹುಟ್ಟುಗುಣವನ್ನು ಕಂಡು ಬೆದರಿ ಒಳ್ಳೆಯ ಗಾಡಿಯನ್ನು ಬಿಟ್ಟು ಬರುತ್ತಾರೆ, ಇಲ್ಲವೇ "ಈ ಮಾಡೆಲ್ ಇರುವುದೇ ಹೀಗೆ ಸರ್" ಎಂಬ ಮಾತು ನಂಬಿ ಕಾಯಿಲೆಯನ್ನು ಕಟ್ಟಿಕೊಂಡು ಬರುತ್ತಾರೆ.

ಹುಟ್ಟುಗುಣ ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. 1980ರಲ್ಲಿ ಬಿಎಂಡಬ್ಲ್ಯು ಹೊರತಂದ ಆರ್ 80 ಜಿ/ಎಸ್ ಈ ಕುಲದ ಹಿರಿಯ. ಮರುವರ್ಷವೇ ಪ್ಯಾರಿಸ್-ಡಾಕಾರ್ ರ‍್ಯಾಲಿ ಗೆದ್ದಿತು. ಹೆಸರಿನಲ್ಲಿರುವ ಜಿ ಎಂದರೆ ಜರ್ಮನ್ ಭಾಷೆಯಲ್ಲಿ ಕಾಡುಮೇಡಿನ ನೆಲ, ಎಸ್ ಎಂದರೆ ರಸ್ತೆ. ಇವತ್ತಿಗೂ ಈ ಬೈಕ್‌ಗಳ ಎಲ್ಲ ವಿಚಿತ್ರಗಳೂ ಆ ಎರಡು ಅಕ್ಷರಗಳ ನಡುವಿನ ಓರೆ ಗೆರೆಯಲ್ಲೇ ಇವೆ. ಕಲ್ಲು ದಾಟಲೆಂದು ಮುಂದಿನ ಗಾಲಿ ದೊಡ್ಡದಾಯಿತು, ಹಾಗಾಗಿ ತಿರುವಿನಲ್ಲಿ ನಿಧಾನ. ಗುಂಡಿ ನುಂಗಲೆಂದು ಮುಂದಿನ ಗಾಲಿ ಹಿಡಿದ ಫೋರ್ಕ್ ಉದ್ದವಾಯಿತು, ಹಾಗಾಗಿ ಬ್ರೇಕ್ ಹಿಡಿದರೆ ಮೂತಿ ಬಗ್ಗುತ್ತದೆ. ಹೊಟ್ಟೆ ನೆಲಕ್ಕೆ ತಗಲದಿರಲೆಂದು ಎತ್ತರವಾಯಿತು, ಹಾಗಾಗಿ ಸಿಗ್ನಲ್ಲಿನಲ್ಲಿ ನಮ್ಮ ಕಾಲು ನೆಲಕ್ಕೆ ಎಟಕುವುದಿಲ್ಲ.

ಮನೆಯಲ್ಲೇ ಮುಗಿಸಬೇಕಾದ ಲೆಕ್ಕ

ಕಳೆದ ಹನ್ನೆರಡು ತಿಂಗಳಲ್ಲಿ ನೀವು ನಿಜವಾಗಿ ಎಲ್ಲೆಲ್ಲಿಗೆ ಹೋದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹೋಗಬೇಕೆಂದಿರುವ ಜಾಗಗಳನ್ನು ಸೇರಿಸಬೇಡಿ. ಹೆಚ್ಚಿನವರ ಹಾಳೆಯಲ್ಲಿ ಕಚೇರಿ, ಊರು, ವರ್ಷಕ್ಕೆ ಎರಡು ಸಲ ಮಲೆನಾಡು, ಇಷ್ಟೇ ಇರುತ್ತದೆ. ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ. ಆದರೆ ಬೈಕ್ ಆರಿಸಬೇಕಾದದ್ದು ಆ ಹಾಳೆಗೆ, ಗೋಡೆಯ ಮೇಲಿನ ಲಡಾಖ್ ಚಿತ್ರಕ್ಕಲ್ಲ.

ವೇಗದ ಆಸೆಗೂ ಇಲ್ಲೇ ಒಂದು ಕಡಿವಾಣ ಹಾಕಬಹುದು. 2018ರ ಕೇಂದ್ರ ಅಧಿಸೂಚನೆಯಂತೆ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿನ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ, ಅದು ಎರಡು ಲಕ್ಷದ್ದಾದರೂ ಇಪ್ಪತ್ತು ಲಕ್ಷದ್ದಾದರೂ ಸರ್ವಿಸ್ ರಸ್ತೆಯೇ ಗತಿ. ಆದ್ದರಿಂದ 140ರಲ್ಲಿ ಬೈಕ್ ಹೇಗಿರುತ್ತದೆ ಎಂಬುದಕ್ಕಿಂತ ದಿನವಿಡೀ 75-80ರಲ್ಲಿ ಹೇಗಿರುತ್ತದೆ ಎಂಬುದೇ ನಮಗೆ ಮುಖ್ಯ. ಕೆಲವು ಒಂಟಿ ಸಿಲಿಂಡರ್ ಎಂಜಿನ್‌ಗಳಿಗೆ ನಡುಕ ಬರುವುದು ಸರಿಯಾಗಿ ಅದೇ ವೇಗದಲ್ಲಿ.

ಮೈ ಅಳತೆ

ಸೀಟಿನ ಎತ್ತರವನ್ನು ಅಂಕಿಯಲ್ಲಿ ಮಾತ್ರ ನೋಡಬೇಡಿ. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಳೆಯ ಹಿಮಾಲಯನ್ 411ರ ಸೀಟು 800 ಮಿಲಿಮೀಟರ್, ಹೀರೋ ಎಕ್ಸ್‌ಪಲ್ಸ್ 200ರದ್ದು ಸುಮಾರು 825, 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್‌ನದ್ದು 855. ಆದರೆ ಸೀಟು ಅಗಲವಾಗಿದ್ದರೆ ತೊಡೆ ಹರಡಿಕೊಂಡು ಕಾಲಿನ ಉದ್ದ ಅಲ್ಲೇ ಖರ್ಚಾಗುತ್ತದೆ, ಕಿರಿದಾಗಿದ್ದರೆ ಎತ್ತರದ ಸೀಟಿನಲ್ಲೂ ಪಾದ ಊರಬಹುದು. ನೀವು ಪ್ರಯಾಣಕ್ಕೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಚಪ್ಪಲಿಯಲ್ಲಿ ಹೋಗಿ ಅಳತೆ ನೋಡಿದವರು ಆಮೇಲೆ ಪಶ್ಚಾತ್ತಾಪ ಪಟ್ಟದ್ದನ್ನು ಕಂಡಿದ್ದೇನೆ.

ಕಾಲು ಎಟಕುವುದಕ್ಕಿಂತ ದೊಡ್ಡ ಪರೀಕ್ಷೆ ಹಿಂದಕ್ಕೆ ತಳ್ಳುವುದು. ಬೈಕನ್ನು ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿ, ಮೇಲೆ ಕುಳಿತೇ ಎರಡು ಮಾರು ಹಿಂದಕ್ಕೆ ಸರಿಸಿ ನೋಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಘಟ್ಟದ ಟೀ ಅಂಗಡಿಯ ಮುಂದೆ ನೀವು ದಿನವೂ ಮಾಡಬೇಕಾದದ್ದು ಇದೇ ಕಸರತ್ತು. ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮಕ್ಕೆ ಹೊಂದಿಸಿದ ಹಿಮಾಲಯನ್ 411ರ ತೂಕ 199 ಕಿಲೋ. ಅದರ ಟ್ಯಾಂಕಿನಲ್ಲಿ ಹಿಡಿಸುವ 15 ಲೀಟರ್ ಪೆಟ್ರೋಲ್ ಒಂದೇ ಸುಮಾರು 11 ಕಿಲೋ, ಅದೂ ಬೈಕಿನ ಎತ್ತರದ ಜಾಗದಲ್ಲಿ. ಮಾಲೀಕರು ಖಾಲಿ ಟ್ಯಾಂಕಿನ ಬೈಕ್ ಕೊಟ್ಟಿದ್ದರೆ ಅದು ಹಗುರವೆನಿಸುವುದು ಸಹಜ, ತುಂಬಿಸಿದ ಮೇಲೆ ಅದರ ನಡೆಯೇ ಬೇರೆ.

ಇನ್ನು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ. ಹ್ಯಾಂಡಲ್ ಹಿಡಿಯಲು ಸೊಂಟ ಬಗ್ಗಿಸಬೇಕಾಗಿ ಬಂದರೆ ಒಂದು ಗಂಟೆಯ ಮಣ್ಣುದಾರಿಯಲ್ಲಿ ಬೆನ್ನು ಬಿಲ್ಲಾಗುತ್ತದೆ. ಇದು ಕಾಯಿಲೆಯಲ್ಲ, ಹ್ಯಾಂಡಲನ್ನು ಒಂದಿಂಚು ಎತ್ತರಿಸುವ ತುಂಡು ಹಾಕಿದರೆ ಸರಿಹೋಗುವ ಚಾಳಿ. ಜೊತೆಗೆ ಬರುವವರನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. ನನ್ನ ಹೆಂಡತಿ ಒಂದು ಬೈಕನ್ನು ಮೂವತ್ತು ಸೆಕೆಂಡಿನಲ್ಲಿ ತಿರಸ್ಕರಿಸಿದಳು. ಹಿಂದಿನ ಪೆಟ್ಟಿಗೆಯ ಮೇಲೆ ಕಾಲು ದಾಟಿಸಲು ಆಗದೆ ಇಳಿದು ನಿಂತು, "ನೀವು ಹೋಗಿ ಬನ್ನಿ" ಎಂದಳು. ಆ ಬೈಕಿನ ಬಗ್ಗೆ ನಾನು ಓದಿದ್ದ ಅಷ್ಟೂ ವಿಮರ್ಶೆಗಳಲ್ಲಿ ಈ ವಿಷಯ ಇರಲಿಲ್ಲ.

ತಣ್ಣನೆಯ ಎಂಜಿನ್

ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತಿರುಚಲು ಮಾಲೀಕರಿಗೂ ಬಿಡಬೇಡಿ, ನೀವೂ ತಿರುಚಬೇಡಿ. ಸುಮ್ಮನೆ ನಿಂತು ಕೇಳಿ. ಏರಿದ ಸದ್ದು ಒಂದೆರಡು ನಿಮಿಷದಲ್ಲಿ ಇಳಿದು ಒಂದೇ ಸಮನಾದರೆ ಸರಿ. ಏರುತ್ತ ಇಳಿಯುತ್ತ ಉಸಿರುಗಟ್ಟಿದಂತೆ ಮಾಡಿದರೆ ಇಂಧನದ ಕಡೆ ಏನೋ ಇದೆ. ಮಲೆನಾಡಿನ ಚಳಿಯ ಬೆಳಿಗ್ಗೆ ಸೈಲೆನ್ಸರ್‌ನಿಂದ ತೆಳು ಬಿಳಿ ಹಬೆ ಬಂದು ಮಾಯವಾಗುವುದು ಸಹಜ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ರೇಡಿಯೇಟರ್ ಇರುವ ಬೈಕಿನಲ್ಲಿ ಅದು ಎಂಜಿನ್ ಹೆಡ್ಡಿನ ಕೆಳಗಿನ ಗಾಸ್ಕೆಟ್ ಅಥವಾ ಕೂಲಂಟ್ ಪಂಪಿನ ಸೀಲ್ ಹೋಗಿರುವ ಗುರುತಾಗಿರಬಹುದು. ಅಲ್ಲಿಂದಲೇ ಹೊರಡಿ.

ಟಾರ್ಚ್ ಹಾಕಿ ಟ್ಯಾಂಕಿನ ಒಳಗೂ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಬೈಕ್‌ಗಳು ಶೇ 20ರ ಎಥೆನಾಲ್‌ಗೆಂದು ರೂಪಿಸಿದವಲ್ಲವಾದ್ದರಿಂದ ಇಂಧನದ ರಬ್ಬರ್ ಪೈಪ್‌ಗಳನ್ನು ಬೆರಳಲ್ಲಿ ಬಗ್ಗಿಸಿ ಬಿರುಕು ಹುಡುಕುವುದು ಒಳ್ಳೆಯದು.

ಎತ್ತಿ ನಿಲ್ಲಿಸಿ ನೋಡುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಾಕಿ, ಒಬ್ಬರು ಹಿಂದೆ ಕುಳಿತು ಭಾರ ಹಾಕಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ. ಈಗ ಒಂದೇ ಬೆರಳಲ್ಲಿ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತೇಲಿಸಿ. ಎಣ್ಣೆ ಹಾಕಿದ ಬಾಗಿಲಿನಂತೆ ಹೋಗಬೇಕು. ನಟ್ಟ ನಡುವೆ, ಗಾಲಿ ನೇರಕ್ಕೆ ಬಂದಾಗ, ಸಣ್ಣ ಗುಳಿಯೊಳಗೆ ಬಿದ್ದಂತೆ ಟಕ್ ಎಂದು ನಿಂತರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಹೋಗಿದೆ. ಗುಂಡಿ ಹಾರಿಸಿ ಹಾರಿಸಿ ಬೇರಿಂಗಿನ ಗುಂಡುಗಳು ತಮ್ಮ ತಟ್ಟೆಯಲ್ಲಿ ಕುಳಿ ಕೊರೆದಿರುತ್ತವೆ.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಹಾಸನದಲ್ಲಿ ಕೊಂಡ ಒಂದು ಬೈಕ್, ಕಂಪನಿಯ ಹೆಸರು ಬೇಡ, ಊರೊಳಗೆ ಚೆನ್ನಾಗಿಯೇ ಇತ್ತು. ಶಿರಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಹ್ಯಾಂಡಲ್ ನಡುವಿಗೆ ಬಂದು ಕಚ್ಚಿಕೊಳ್ಳುತ್ತಿತ್ತು. ನಾನು ಬಿಡಿಸಿಕೊಳ್ಳಲು ತಳ್ಳಿದರೆ ಬೇಕಾದ್ದಕ್ಕಿಂತ ಹೆಚ್ಚು ವಾಲುತ್ತಿತ್ತು. 21 ಇಂಚಿನ ಗಾಲಿಯ ಗುಣವೇ ಹೀಗೆ ಎಂದು ವಾರಗಟ್ಟಲೆ ನಂಬಿದ್ದೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದ ತಟ್ಟೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕುಳಿಗಳು ಸಾಲಾಗಿ ಕೂತಿದ್ದವು. "ದೊಡ್ಡ ಗಾಲಿ ನಿಧಾನ ತಿರುಗುತ್ತದೆ ಅಣ್ಣ, ಆದರೆ ಕಚ್ಚುವುದಿಲ್ಲ" ಎಂದರು ಅವರು. ಚಾಳಿಗೂ ಕಾಯಿಲೆಗೂ ಇದಕ್ಕಿಂತ ಸ್ಪಷ್ಟವಾದ ಗೆರೆಯನ್ನು ನನಗೆ ಇನ್ಯಾರೂ ಎಳೆದು ತೋರಿಸಿಲ್ಲ.

ಗಾಲಿ ಮೇಲಿರುವಾಗಲೇ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿ, ಸಡಿಲ ಸಿಕ್ಕರೆ ಅದೂ ಕೋನ್‌ಸೆಟ್ಟೇ. ಗಾಲಿಯ ಎರಡು ಪಕ್ಕ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಗಾಲಿಯ ಬೇರಿಂಗ್. ಕಡ್ಡಿಗಾಲಿಯಾಗಿದ್ದರೆ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಸ್ಪೋಕ್ ತಟ್ಟುತ್ತ ಹೋಗಿ. ಬಿಗಿಯಾದದ್ದು ತಂಬೂರಿಯಂತೆ ಟಿಣ್ ಎನ್ನುತ್ತದೆ, ಸಡಿಲಾದದ್ದು ಮಣ್ಣಿನ ಮಡಕೆಯಂತೆ ಮಂಕಾಗುತ್ತದೆ. ಗಾಲಿ ತಿರುಗಿಸಿ ರಿಮ್ ಅಂಚಿನ ನೆಗ್ಗು, ಓಲಾಟ ನೋಡಿ. ಫೋರ್ಕಿನ ಹೊಳಪಿನ ಕೊಳವೆಯ ಮೇಲೆ ಬೆರಳು ಸುತ್ತಿಸಿದಾಗ ಎಣ್ಣೆಯ ಉಂಗುರ ಸಿಕ್ಕರೆ ಸೀಲ್ ಸೋರುತ್ತಿದೆ. ಇದು ದೊಡ್ಡ ಕಾಯಿಲೆಯಲ್ಲ, ಬೆಲೆಯಲ್ಲಿ ಕಳೆಯಬಹುದಾದದ್ದು. ಕೊಳವೆಯಲ್ಲೇ ಗೀರು ಇದ್ದರೆ ಹೊಸ ಸೀಲೂ ಉಳಿಯುವುದಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆಯಿರಿ, ಹಲ್ಲಿನ ಬುಡ ಕಾಣುವಷ್ಟು ಎದ್ದು ಬಂದರೆ ಇಡೀ ಸೆಟ್ಟಿನ ಖರ್ಚು ನಿಮ್ಮದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಎಂದಿದ್ದರೆ 2021ರ 32ನೇ ವಾರದ ಟೈರು. "ಬಟನ್ ಹೊಸದರಂತಿದೆ", ಅಂದರೆ ಟೈರಿನ ಹಲ್ಲು ಸವೆದಿಲ್ಲ, ಎಂಬ ಮಾತಿಗೆ ಆ ಅಂಕಿಯೇ ಉತ್ತರ.

ಹೊಟ್ಟೆಯ ಕೆಳಗಿನ ದಿನಚರಿ

ಎಂಜಿನ್ನಿನ ಕೆಳಗಿರುವ ಲೋಹದ ತಟ್ಟೆ, ಅಂದರೆ ಬ್ಯಾಷ್ ಪ್ಲೇಟ್, ಬೈಕಿನ ದಿನಚರಿ. ಬಣ್ಣ ಹೊಡೆದು ಬೇರೆಲ್ಲ ಮುಚ್ಚಬಹುದು, ಅಲ್ಲಿಗೆ ಯಾರೂ ಹೋಗುವುದಿಲ್ಲ. ಗೀರುಗಳಿದ್ದರೆ ಬೇಸರ ಬೇಡ, ಅದು ಇರುವುದೇ ಗೀರು ತಿನ್ನಲು. ಆದರೆ ಆಳವಾಗಿ ತಗ್ಗಿ ಎಂಜಿನ್ನಿಗೆ ತಾಗಿದೆಯೇ, ಹಿಂದೆ ಬೋಲ್ಟು ಹರಿದಿದೆಯೇ, ಚಾಸಿಯ ಬೆಸುಗೆಗಳ ಹತ್ತಿರ ಕೂದಲೆಳೆಯ ಬಿರುಕಿದೆಯೇ ಎಂದು ಮಂಡಿಯೂರಿ ನೋಡಿ. ಮುಂದಿನ ಭಾಗ, ಸ್ಟೀರಿಂಗ್ ತಲೆಯ ಬೆಸುಗೆಯಲ್ಲಿ ಬಣ್ಣ ಸಿಡಿದಿದ್ದರೆ ಬೆಲೆಯ ಮಾತೇ ಬೇಡ.

ಒಂದೇ ಒಂದು ಗೀರೂ ಇಲ್ಲದ ಬೈಕಿನ ಮೇಲೆ ಖಾರ್ದುಂಗ್ ಲಾ ಸ್ಟಿಕ್ಕರ್ ಇದ್ದರೆ ನಗು ತಡೆದುಕೊಳ್ಳಿ. ನಿಜವಾಗಿ ಲಡಾಖ್ ನೋಡಿ ಬಂದ ಬೈಕಾದರೆ ಮಾಲೀಕರ ಹೆಮ್ಮೆ ನಿಮಗೆ ಎಚ್ಚರಿಕೆಯ ಗಂಟೆ. ನೀರು ದಾಟಿದ ಗಾಡಿಯಲ್ಲಿ ಗಾಲಿಯ ಬೇರಿಂಗ್, ಹಿಂದಿನ ಗಾಲಿ ಹಿಡಿದ ಸ್ವಿಂಗ್‌ಆರ್ಮ್ ಬೇರಿಂಗ್, ಏರ್ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ, ರಸೀದಿ ನೋಡಿ. ಹೆಚ್ಚುವರಿ ದೀಪ ಕಟ್ಟಿಸಿದ್ದರೆ ಸೀಟು ತೆಗೆದು ತಂತಿ ನೋಡಿ. ರಿಲೇ ಮತ್ತು ಫ್ಯೂಸ್ ಇದ್ದರೆ ಬಲ್ಲವರು ಮಾಡಿದ ಕೆಲಸ, ತಂತಿಗೆ ತಂತಿ ಹೊಸೆದು ಟೇಪು ಸುತ್ತಿದ್ದರೆ ಮಳೆಗಾಲದಲ್ಲಿ ಅದು ನಿಮ್ಮನ್ನು ದಾರಿಯಲ್ಲಿ ನಿಲ್ಲಿಸುತ್ತದೆ.

ಓಡಿಸುವಾಗ

ಮೊದಲು ನಡಿಗೆಯ ವೇಗ. ಕ್ಲಚ್ ಪೂರ್ತಿ ಬಿಟ್ಟು ಎರಡನೇ ಗೇರಿನಲ್ಲಿ ತೆವಳಿಸಿ. ಹಿಮಾಲಯನ್ 411ರ ಎಂಜಿನ್ 78 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ 86 ಮಿಲಿಮೀಟರ್ ಓಡುವ ಉದ್ದ ಹೊಡೆತದ್ದು, ಕೆಳಗಿನ ವೇಗದಲ್ಲಿ ಎತ್ತಿನ ಹಾಗೆ ಎಳೆಯುತ್ತದೆ, ಮೇಲೆ ಬೇಗ ಸುಸ್ತಾಗುತ್ತದೆ. 373 ಸಿಸಿಯ 390 ಅಡ್ವೆಂಚರ್ ಅದಕ್ಕೆ ತದ್ವಿರುದ್ಧ, ಕೆಳಗೆ ಗೊಣಗುತ್ತದೆ, ಮೇಲೆ ಹಾರುತ್ತದೆ. ಎರಡೂ ಹುಟ್ಟುಗುಣ, ಯಾವ ಮೆಕ್ಯಾನಿಕ್ಕೂ ತಿದ್ದಲಾರ. ಆಗುಂಬೆಯ ಏರಿನಲ್ಲಿ ಲಾರಿಯ ಹಿಂದೆ ತೆವಳುವವರಿಗೂ ಖಾಲಿ ಹೆದ್ದಾರಿಯಲ್ಲಿ ಓಡಿಸುವವರಿಗೂ ಒಂದೇ ಬೈಕ್ ಹಿಡಿಸುವುದಿಲ್ಲ.

ಆಮೇಲೆ ಕೆಟ್ಟ ರಸ್ತೆ. ನಮ್ಮಲ್ಲಿ ಇದಕ್ಕೆ ಹುಡುಕಬೇಕಾಗಿಲ್ಲ. ಮುಂದಿನ ಬ್ರೇಕ್ ಹಿಡಿದಾಗ ಮೂತಿ ಬಗ್ಗುವುದು ಚಾಳಿ, 411ರ ಮುಂದಿನ ಸಸ್ಪೆನ್ಷನ್ನಿಗೆ 200 ಮಿಲಿಮೀಟರ್ ಚಲನೆ ಇರುವಾಗ ಬಗ್ಗದೆ ಏನು ಮಾಡೀತು. ಬಗ್ಗಿ ತಳಕ್ಕೆ ಧಡ್ ಎಂದು ಬಡಿದರೆ, ಅಥವಾ ಮೇಲೆ ಬಂದು ಎರಡು ಮೂರು ಸಲ ತೂಗಾಡಿದರೆ ಕಾಯಿಲೆ. ಸಮತಟ್ಟು ಖಾಲಿ ರಸ್ತೆಯಲ್ಲಿ ಹ್ಯಾಂಡಲ್ ಹಿಡಿತವನ್ನು ಸಡಿಲಿಸಿ ನೋಡಿ, ಒಂದೇ ಕಡೆ ಎಳೆದರೆ ಬಿದ್ದು ಬಾಗಿದ ಗಾಡಿ.

ಕೊನೆಗೆ 80. ಗಾಳಿಗಾಜಿನ ಚಾಳಿ ತಿಳಿಯುವುದು ಇಲ್ಲಿ. ಹೆಲ್ಮೆಟ್ಟಿಗೆ ಗಾಳಿ ಬಡಬಡ ಬಡಿಯುತ್ತಿದ್ದರೆ ಸೀಟಿನಿಂದ ಸ್ವಲ್ಪ ಏಳಿ. ಎದ್ದಾಗ ಸದ್ದು ಕಡಿಮೆಯಾದರೆ ಗಾಜಿನ ಅಂಚಿನಿಂದ ಸಿಡಿದ ಗಾಳಿ ನೇರ ನಿಮ್ಮ ತಲೆಗೆ ಬೀಳುತ್ತಿದೆ, ನಿಮ್ಮ ಎತ್ತರಕ್ಕೆ ಈ ಗಾಜು ಕೂಡುವುದಿಲ್ಲ. ಚಿತ್ರದುರ್ಗದ ಸುತ್ತ, ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಕಡೆ ಒಮ್ಮೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಜು ಬದಲಿಸಬಹುದು, ಸೀಟಿನ ಫೋಮ್ ಬದಲಿಸಬಹುದು. ತೂಕ, ಬಿಸಿ, ನಡುಕ ಇವನ್ನು ಬದಲಿಸಲಾಗುವುದಿಲ್ಲ. ಅದಕ್ಕೇ ವಾಪಸ್ ಬರುವಾಗ ಬೇಕೆಂದೇ ವಾಹನ ದಟ್ಟಣೆಗೆ ನುಗ್ಗಿ ಇಪ್ಪತ್ತು ನಿಮಿಷ ನಿಂತು ಹೊರಡಿ. ರೇಡಿಯೇಟರ್ ಫ್ಯಾನ್ ಊದುವ ಬಿಸಿಗಾಳಿ ಮೊಣಕಾಲಿಗೆ ಎಷ್ಟು ಬಡಿಯುತ್ತದೆ ಎಂದು ಜಾಹೀರಾತು ಹೇಳುವುದಿಲ್ಲ.

ಪಂಕ್ಚರ್ ಬಗ್ಗೆಯೂ ಈಗಲೇ ತೀರ್ಮಾನಿಸಿ. ಕಡ್ಡಿಗಾಲಿ, ಒಳಗೆ ಟ್ಯೂಬ್ ಎಂದರೆ ಗಾಲಿ ಬಿಚ್ಚದೆ ಬೇರೆ ದಾರಿಯಿಲ್ಲ, ಆದರೆ ನೆಗ್ಗಿದ ರಿಮ್ ತಟ್ಟಿ ಸರಿಮಾಡಿಕೊಂಡು ಊರು ಸೇರಬಹುದು. ಅಲಾಯ್ ಗಾಲಿ, ಟ್ಯೂಬ್‌ಲೆಸ್ ಎಂದರೆ ಐದು ನಿಮಿಷದಲ್ಲಿ ದಾರ ತುರುಕಿ ಹೊರಡಬಹುದು, ಆದರೆ ಗಾಲಿ ಸೀಳಿದರೆ ಟೋಯಿಂಗ್ ಗಾಡಿ ಬರಬೇಕು.

ಕಾಗದ, ಬಿಡಿಭಾಗ

ಆರ್‌ಸಿಯ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲೆ ಕೆತ್ತಿದ್ದರ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದ ಗಾಡಿಗೆ ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ. ಹೊರರಾಜ್ಯದ ಬೈಕ್ ಅಗ್ಗವೆನಿಸಿದರೆ ಇಲ್ಲಿ ಮತ್ತೆ ಕಟ್ಟಬೇಕಾದ ಆಜೀವ ತೆರಿಗೆಯನ್ನು ಕೂಡಿಸಿ ನೋಡಿ, ಅಗ್ಗ ಅಲ್ಲೇ ಕರಗುತ್ತದೆ.

ಕ್ಲಚ್ ಪ್ಲೇಟ್, ಬ್ರೇಕ್ ಲಿವರ್, ಹೆಡ್‌ಲೈಟ್, ಈ ಮೂರರ ಬೆಲೆಯನ್ನೂ ಬರಲು ಹಿಡಿಯುವ ದಿನಗಳನ್ನೂ ನಿಮಗೆ ಹತ್ತಿರದ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಬಿಎಂಡಬ್ಲ್ಯು ಜಿ 310 ಜಿಎಸ್ ತಯಾರಾಗುತ್ತಿದ್ದದ್ದು ಪಕ್ಕದ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲೇ, ಹಾಗೆಂದು ಅದರ ಭಾಗಗಳನ್ನು ಟಿವಿಎಸ್ ಅಂಗಡಿಯಲ್ಲಿ ಕೇಳಲಾಗುವುದಿಲ್ಲ. ಹಿಮಾಲಯನ್ 411ರ ಮಾರಾಟ 2023ರ ಕೊನೆಗೆ ನಿಂತು 452 ಸಿಸಿಯ ಹೊಸತು ಬಂದರೂ ಹಳೆಯದರ ಭಾಗಗಳು ಸಣ್ಣ ಊರುಗಳಲ್ಲೂ ಸಿಗುತ್ತವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಊರಿನಿಂದ ನೂರೈವತ್ತು ಕಿಲೋಮೀಟರ್ ದೂರದ ಸರ್ವಿಸ್ ಕೇಂದ್ರವನ್ನು ನಂಬಿ ಬೈಕ್ ಕೊಳ್ಳುವುದು ನನ್ನ ಮಟ್ಟಿಗೆ ಆಗದ ಮಾತು.

ಇನ್ನೊಂದು. "ಏನಾದರೂ ತೊಂದರೆ ಇದೆಯಾ ಸರ್?" ಎಂದು ಮಾಲೀಕರನ್ನು ಕೇಳಬೇಡಿ, ಇಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಇದರ ಚಾಳಿ ಏನು?" ಎಂದು ಕೇಳಿ. ಪ್ರೀತಿಯಿಂದ ಓಡಿಸಿದವರ ಬಾಯಿ ಅಲ್ಲಿ ತೆರೆಯುತ್ತದೆ. ಈಗ ನನ್ನ ಬಳಿ ಇರುವ ಬೈಕಿನ ಹಿಂದಿನ ಮಾಲೀಕರು ಮುಂಗಡ ತೆಗೆದುಕೊಂಡು, ನಾನು ಎರಡನೇ ಕೀ ಕೇಳಿದಾಗ ಒಳಗೆ ಹೋಗಿ ಹತ್ತು ನಿಮಿಷ ಹುಡುಕಿ, ದೇವರ ಗೂಡಿನಿಂದ ಅದನ್ನು ತಂದು ಕೊಟ್ಟರು. ಕೊಡುತ್ತ ತಗ್ಗಿದ ದನಿಯಲ್ಲಿ, "ಕೆಸರಿನಲ್ಲಿ ಓಡಿಸಿದ ದಿನ ಸೈಡ್ ಸ್ಟ್ಯಾಂಡಿನ ಸ್ವಿಚ್ ಸಿಕ್ಕಿಕೊಳ್ಳುತ್ತದೆ, ಗೇರ್ ಹಾಕಿದರೆ ಎಂಜಿನ್ ಆಫ್ ಆಗುತ್ತದೆ. ಗಾಬರಿಯಾಗಬೇಡಿ, ಸ್ವಲ್ಪ ನೀರು ಹುಯ್ದು ಕಾಲಲ್ಲಿ ಎರಡು ಸಲ ಆಡಿಸಿ" ಎಂದರು. ಕಳೆದ ಜುಲೈನಲ್ಲಿ ಮೂಡಿಗೆರೆಯ ಹತ್ತಿರ ಗಾಡಿ ಹಾಗೆಯೇ ನಿಂತಿತು. ಬಾಟಲಿಯ ನೀರು ಹುಯ್ದೆ, ಎರಡು ಸಲ ಆಡಿಸಿದೆ, ಹೊರಟೆ.